ಎರಡೂ ಕಡೆಯ ಬಿಳಿಗಾಲ

ಮಂಗಳವಾರ, ಮಧ್ಯಾಹ್ನ
ಲಾಯದ ಪಕ್ಕದ ಆಫೀಸು ಕೋಣೆ

ಸಿಟ್ಟಿನಲ್ಲೂ ಕಾಗದ ಬರೆದ ಅಕ್ಕನಿಗೆ, ಅಷ್ಟೇ ಸಿಟ್ಟಿನಲ್ಲಿರುವ ತಂಗಿಯ ನಮಸ್ಕಾರ.

ಫೋನು ಮಾಡಿದರೆ ಇಬ್ಬರೂ ಕಿರುಚಾಡುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ ಎಂದಿದ್ದೀಯ. ಒಳ್ಳೆಯದೇ ಆಯಿತು. ಕಾಗದದಲ್ಲಾದರೆ ನನ್ನ ಮಾತು ಮುಗಿಯುವ ತನಕ ನೀನು ನಡುವೆ ಬಾಯಿ ಹಾಕುವಂತಿಲ್ಲ.

ನೀನು ಕೇಳಿರುವುದು ಒಂದೇ ಸಾಲು. ನಮ್ಮ ಹೆಣ್ಣುಮರಿ ಚೂಟಿಯ ಗಂಟಲಿನ ದೋಷ ಅವಳ ತಾಯಿ ಸಿಡುಕಿಯ ಕಡೆಯಿಂದ ಬಂದದ್ದು, ಅಪ್ಪನಾದ ದೊರೆಯ ಕಡೆಯಿಂದಲ್ಲ ಎಂದು ನಾನು ಬರೆದು ಸಹಿ ಹಾಕಿ ಕೊಡಬೇಕು. ದೊರೆ ಭಾವನ ಬೀಜದ ಕುದುರೆ, ನಿಮ್ಮ ಮನೆಯ ಹೆಮ್ಮೆ. ಅವನ ಹತ್ತಿರ ತಮ್ಮ ಹೆಣ್ಣುಕುದುರೆ ಕಳಿಸುತ್ತೇವೆ ಎಂದಿದ್ದವರು ಒಬ್ಬೊಬ್ಬರಾಗಿ ಹಿಂದೆ ಸರಿಯುತ್ತಿದ್ದಾರೆ, ನಮ್ಮಪ್ಪ ಹೋದಲ್ಲಿ ಬಂದಲ್ಲಿ ಅವನ ಹೆಸರು ಕೆಡಿಸುತ್ತಿದ್ದಾನೆ ಎಂದು ಬರೆದಿದ್ದೀಯ. ಅಪ್ಪ ಹೆಸರು ಕೆಡಿಸುತ್ತಿರುವುದು ನಿಜ. ಆದರೆ ಮೊನ್ನೆ ಅವನೂ ಇದೇ ಕೋಣೆಗೆ ಬಂದು, ಮೇಜಿನ ಮೇಲೆ ಕೈಯೂರಿ ನಿಂತು, 'ದೋಷ ದೊರೆ ಕಡೆಯಿಂದ್ಲೇ ಬಂತು ಅಂತ ಒಂದು ಕಾಗದ ಟೈಪ್ ಮಾಡ್ಕೊಡು. ನೀನೇ ತಾನೆ ವಂಶಾವಳಿ ಓದೋಳು' ಅಂದ. ನಾನು ವಂಶಾವಳಿ ಓದುವವಳು ಎಂದು ಅಪ್ಪನ ಬಾಯಿಂದ ಬಂದದ್ದು ಈ ಜನ್ಮದಲ್ಲಿ ಅದೇ ಮೊದಲು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಬೇಕಾದಾಗ ಯಾರೂ ಕೇಳಲಿಲ್ಲ ಅಕ್ಕ. ಈಗ ಇಬ್ಬರಿಗೂ ನನ್ನ ಸಹಿ ಬೇಕು.

ನಿನಗೆ ಮರೆತಿದ್ದರೆ ಇನ್ನೊಮ್ಮೆ ಹೇಳುತ್ತೇನೆ. ಸಿಡುಕಿ ನಮ್ಮ ಫಾರ್ಮಿನಲ್ಲಿ ಉಳಿದಿರುವ ಒಳ್ಳೆಯ ತಳಿಯ ಹೆಣ್ಣುಕುದುರೆ. ಹತ್ತಿರ ಹೋದವರಿಗೆಲ್ಲ ಕಿವಿ ಹಿಂದಕ್ಕೆ ಮಾಡಿ ಹಲ್ಲು ತೋರಿಸುತ್ತಾಳೆ, ಆದರೆ ಓಡುವ ಕಾಲದಲ್ಲಿ ಸಣ್ಣ ದೂರಕ್ಕೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಅವಳಿಗೆ ಗಂಡು ಹುಡುಕುವ ಕೆಲಸವನ್ನು ಅಪ್ಪ ನನಗೆ ಒಪ್ಪಿಸಿದ್ದ, ಕನಿಷ್ಠ ಹಾಗೆಂದು ನಾನು ನಂಬಿದ್ದೆ. ಇಡೀ ಚಳಿಗಾಲ ಈ ಮೇಜಿನ ಮುಂದೆ ಕೂತು ಗಂಡು ಕುದುರೆಗಳ ತಲೆಮಾರುಗಳನ್ನು ಬಿಡಿಸಿದೆ. ಅಪ್ಪ ಅಮ್ಮ, ಅವರ ಅಪ್ಪ ಅಮ್ಮಂದಿರು, ಅವರಿಗೂ ಹಿಂದಿನವರು. ಸಿಡುಕಿಯ ತಾಯಿಯ ಅಪ್ಪ ಬಿಳಿಗಾಲ. ದೊರೆಯ ಅಪ್ಪನ ಅಪ್ಪನೂ ಬಿಳಿಗಾಲ. ಅಂದರೆ ಇಬ್ಬರೂ ಒಬ್ಬನೇ ಅಜ್ಜನ ಮೊಮ್ಮಕ್ಕಳು.

ಒಂದೇ ಹೆಸರು ಎರಡೂ ಕಡೆ ಬರುವುದೇ ತಪ್ಪು ಎಂದು ನಾನು ಯಾವತ್ತೂ ಹೇಳಿಲ್ಲ. ನಮ್ಮ ಕಸುಬಿನವರು ಬೇಕೆಂದೇ ಹಾಗೆ ಮಾಡುತ್ತಾರೆ, ಆ ಅಜ್ಜನ ವೇಗ ಎರಡು ದಾರಿಯಿಂದ ಬಂದು ಮರಿಯಲ್ಲಿ ಗಟ್ಟಿಯಾಗಲಿ ಎಂದು. ಆದರೆ ವೇಗ ಒಂದೇ ಒಳಗೆ ಬಂದು, ಉಳಿದದ್ದೆಲ್ಲ ಬಾಗಿಲಾಚೆ ಕಾಯುತ್ತಾ ಕೂರುವುದಿಲ್ಲ. ಬಿಳಿಗಾಲನ ಮಕ್ಕಳಲ್ಲಿ ಕೆಲವಕ್ಕೆ ಜೋರಾಗಿ ಓಡುವಾಗ ಗಂಟಲಿನ ಒಂದು ಪಕ್ಕ ತೆರೆಯುತ್ತಿರಲಿಲ್ಲ. ಉಸಿರೆಳೆದರೆ ಸೀಟಿ ಹೊಡೆದ ಹಾಗೆ ಸದ್ದು, ಕೊನೆಯ ತಿರುವಿನಲ್ಲಿ ಗಾಳಿ ಸಾಲದೆ ಸೋಲು.

ಇದು ಯಾವ ಪುಸ್ತಕದಲ್ಲೂ ಇಲ್ಲ, ನನ್ನ ಗೋಳೇ ಅದು. ಹರಾಜಿನ ಪುಸ್ತಕ ತೆರೆದರೆ ಗೆದ್ದವರ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತದೆ. ಗಂಟಲಿಗೆ ಆಪರೇಷನ್ ಆದವರ ಬಗ್ಗೆ ಸಣ್ಣ ಅಕ್ಷರದಲ್ಲೂ ಒಂದು ಮಾತಿರುವುದಿಲ್ಲ. ಬಿಳಿಗಾಲನ ಮಕ್ಕಳನ್ನು ಓಡಿಸಿದ ತರಬೇತುದಾರರನ್ನು ಹುಡುಕಿ ಹುಡುಕಿ ಫೋನು ಮಾಡಿದೆ. ಒಬ್ಬ ಬೈದ. ಇನ್ನೊಬ್ಬ, 'ಸತ್ತ ಕುದುರೆ ಸುದ್ದಿ ಈಗ್ಯಾಕಮ್ಮ' ಅಂತ ಇಟ್ಟುಬಿಟ್ಟ. ಉಳಿದವರು ಸುತ್ತಿ ಬಳಸಿ ಒಪ್ಪಿಕೊಂಡರು. ಎಲ್ಲ ಕೂಡಿಸಿ ಅಪ್ಪನ ಮುಂದಿಟ್ಟೆ. ಜೊತೆಗೆ ನಾನು ಆರಿಸಿದ ಗಂಡಿನ ಫೋಟೋ ಕೂಡ. ದೂರದ ಫಾರ್ಮಿನ ಆ ಕಂದು ಕುದುರೆ ದೊಡ್ಡ ರೇಸು ಗೆದ್ದಿಲ್ಲ ನಿಜ. ಆದರೆ ಉದ್ದ ಓಟಕ್ಕೆ ಉಸಿರು ಗಟ್ಟಿ, ಎಷ್ಟು ತಲೆಮಾರು ಹಿಂದೆ ಹೋದರೂ ಬಿಳಿಗಾಲನ ನೆರಳಿಲ್ಲ. ಸಿಡುಕಿಯಲ್ಲಿ ವೇಗ ಇದೆ, ಅವನಲ್ಲಿ ದಮ್ಮಿದೆ ಎಂದೆ. ಅಪ್ಪ ಫೋಟೋವನ್ನು ಕೈಯಲ್ಲಿ ಹಿಡಿದು ನೋಡಿ, 'ಇಷ್ಟು ಪೆದ್ದು ಮುಖದವನಿಗೆ ನಮ್ ಸಿಡುಕೀನ ಕೊಡೋದಾ' ಅಂದ, ಮನೆಮಗಳಿಗೆ ವರ ನೋಡಿದವನ ಹಾಗೆ.

ಆಮೇಲಾದರೂ ಹೂಂ ಅಂದಿದ್ದ. ಅಷ್ಟರಲ್ಲಿ ನೀನು ಅಪ್ಪನಿಗೆ ಫೋನು ಮಾಡಿದೆ, ಸಿಡುಕಿಯನ್ನು ದೊರೆಯ ಹತ್ತಿರ ಕಳಿಸು ಎಂದು.

ನಿನ್ನ ಕಷ್ಟ ನನಗೆ ಅರ್ಥವಾಗಿತ್ತು ಅಕ್ಕ. ಹರಾಜಿನ ಅಂಗಳದಲ್ಲಿ, ನಾಲ್ಕು ಜನರ ಎದುರು, ಭಾವ ನಮ್ಮ ಮರಿಯ ಮುಂಗಾಲು ನೋಡಿ, ಮಾವನವರ ಕುದುರೆ ಓಡೋಕ್ಕಿಂತ ಕುಣಿಯೋಕೆ ಚೆನ್ನಾಗಿದೆ ಎಂದು ತಮಾಷೆ ಮಾಡಿದ್ದರು. ಎಲ್ಲರೂ ನಕ್ಕರು. ಅವತ್ತಿನಿಂದ ಅಪ್ಪ ನಿಮ್ಮ ಮನೆಯ ಹೊಸಿಲು ತುಳಿಯಲಿಲ್ಲ. ನಡುವೆ ಸಿಕ್ಕಿಕೊಂಡವಳು ನೀನು. ಸಿಡುಕಿಯನ್ನು ದೊರೆಗೆ ಕಳಿಸಿದರೆ ಮಾವ ಅಳಿಯ ಒಂದಾಗುತ್ತಾರೆ ಎಂಬ ಲೆಕ್ಕ ನಿನಗೆ ತೋಚಿದ್ದು ಸಹಜ. ನನ್ನ ಸಂಕಟ ಅದಲ್ಲ. ನನಗೆ ಒಂದು ಮಾತು ಹೇಳಲಿಲ್ಲವಲ್ಲ. ನಾನು ಹರಾಜಿಗೆಂದು ಊರು ಬಿಟ್ಟಿದ್ದಾಗ ಅಪ್ಪ ಲಾರಿ ತರಿಸಿ ಅವಳನ್ನು ಹತ್ತಿಸಿಬಿಟ್ಟ. ನಾನು ವಾಪಸು ಬಂದು ನೋಡಿದರೆ ಲಾಯದಲ್ಲಿ ಅವಳ ಜಾಗ ತೊಳೆದು ಒಣಗಲು ಬಿಟ್ಟಿದ್ದರು, ಬಾಗಿಲು ಹಾರು ಹೊಡೆದಿತ್ತು. ಎಲ್ಲಿ ಎಂದು ಕೇಳಿದರೆ ಅಪ್ಪ ಪೇಪರಿನಿಂದ ತಲೆ ಎತ್ತದೆ, 'ಅಕ್ಕನ ಮನೆಗೆ ಹೋಗಿದಾಳೆ' ಅಂದ. ಒಂದು ಕ್ಷಣ ಯಾರೋ ಹೆಂಗಸಿನ ಸುದ್ದಿ ಎಂದುಕೊಂಡೆ.

ಅವಳು ಗಬ್ಬ ಕಟ್ಟಿದಳು. ಮುಂದಿನ ವರ್ಷ ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಚೂಟಿ ಹುಟ್ಟಿದಳು. ನಾಲ್ಕು ಕಾಲೂ ನೇರ, ಎದೆ ಅಗಲ, ಹಣೆಯ ಮೇಲೆ ಉಗುರಿನಷ್ಟು ಬಿಳಿ. ಒದ್ದೆ ಒದ್ದೆಯಾಗಿಯೇ ಎದ್ದು ನಿಂತು ತಾಯಿಯ ಹೊಟ್ಟೆಗೆ ಗುದ್ದಿದಳು. ಅಪ್ಪ ಒರಟು ಕೈಯಲ್ಲಿ ಅವಳ ಕಿವಿ ಒರೆಸುತ್ತಾ ನನ್ನ ಕಡೆ ತಿರುಗಿ, 'ಏನಮ್ಮ ಜೋಯಿಸಮ್ಮ, ನಿನ್ ಕಾಗದ ಏನ್ ಹೇಳುತ್ತೆ ಈಗ' ಅಂದ. ಅವತ್ತಿನಿಂದ ಇಡೀ ಫಾರ್ಮಿಗೆ ನಾನು ಜೋಯಿಸಮ್ಮ. ಹುಲ್ಲಿನ ಲಾರಿಯ ಡ್ರೈವರು ಕೂಡ ಗೇಟಿನಲ್ಲಿ ನಿಂತು, 'ಜೋಯಿಸಮ್ಮಾರೆ, ನಾಳೆ ಮಳೆ ಬರುತ್ತಾ' ಎಂದು ಕೇಳಿ ಹೋಗುತ್ತಿದ್ದ.

ಮರಿ ನೋಡಲು ನೀವಿಬ್ಬರೂ ಬಂದಿರಿ. ಅಪ್ಪ ಭಾವ ಒಂದೇ ಮೇಜಿನಲ್ಲಿ ಕೂತು ಊಟ ಮಾಡಿದರು, ನೀನು ಅಡುಗೆಮನೆಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ. ಆಗ ನಾನು ಏನು ಹೇಳಬೇಕಿತ್ತು? ಗಂಟಲಿನ ದೋಷ ಹುಟ್ಟಿದ ದಿನ ಕಾಣುವುದಿಲ್ಲ, ಜೀನು ಹಾಕಿ ನಾಗಾಲೋಟದಲ್ಲಿ ಓಡಿಸಿದಾಗಲೇ ಗೊತ್ತಾಗುವುದು ಎಂದು ಭಾಷಣ ಬಿಗಿಯಬೇಕಿತ್ತೆ? ನಿನಗೆ ಸಾರು ಬಡಿಸಿದೆ. ನನ್ನ ಲೆಕ್ಕವೂ ತಪ್ಪಿರಬಹುದು ಎಂದುಕೊಂಡೆ. ಹೀಗೇ ಆಗುತ್ತದೆ ಎಂದು ವಂಶಾವಳಿ ಹೇಳುವುದಿಲ್ಲವಲ್ಲ, ಆಗುವ ಸಂಭವ ಹೆಚ್ಚು ಎನ್ನುತ್ತದೆ, ಅಷ್ಟೆ. ತಪ್ಪಿದ್ದರೆ ನನಗಿಂತ ಸಂತೋಷಪಡುವವರು ಯಾರೂ ಇರುತ್ತಿರಲಿಲ್ಲ. ಚೂಟಿ ನನ್ನ ಜೇಬಿನಿಂದ ಕರ್ಚೀಫು ಕಿತ್ತುಕೊಂಡು ಓಡುತ್ತಿದ್ದಳು, ಗೊತ್ತೇ? ಹಿಂದೆ ತಿರುಗಿ ನೋಡಿ, ನಾನು ಅಟ್ಟಿಸಿಕೊಂಡು ಬರುತ್ತಿದ್ದೇನೆಯೇ ಎಂದು ಖಾತ್ರಿ ಮಾಡಿಕೊಂಡು ಮತ್ತೆ ಓಡುತ್ತಿದ್ದಳು.

ಆಮೇಲಿನದು ನಿನಗೆ ಗೊತ್ತು. ತರಬೇತಿಗೆ ಹೋದಳು. ಮೆಲ್ಲಗೆ ಓಡಿಸುವವರೆಗೆ ಎಲ್ಲ ಸರಿ. ಮೊದಲ ಬಾರಿ ವೇಗವಾಗಿ ಬಿಟ್ಟ ದಿನ ತರಬೇತುದಾರ ಫೋನು ಮಾಡಿ, 'ಒಂದ್ಸಲ ಬಂದು ಕೇಳಿಸ್ಕೊಂಡ್ ಹೋಗಿ' ಅಂದರು. ಅಪ್ಪನೂ ನಾನೂ ಹೋಗಿ ಬೇಲಿಯ ಪಕ್ಕ ನಿಂತೆವು. ಚೂಟಿ ತಿರುವು ದಾಟಿ ನಮ್ಮೆದುರು ಹಾದುಹೋದಳು. ಸೀಳಿದ ಕೊಳಲು ಊದಿದಂಥ ಸದ್ದು. ಅಪ್ಪನ ಕೈ ಬೇಲಿಯ ಕಂಬಿಯನ್ನು ಹಿಡಿದಿತ್ತು, ಬಿಡಲೇ ಇಲ್ಲ. ಡಾಕ್ಟರು ಮೂಗಿನೊಳಗೆ ಕ್ಯಾಮೆರಾ ಕೊಳವೆ ಇಳಿಸಿ ಪರದೆಯ ಮೇಲೆ ತೋರಿಸಿದರು. ಬಲಗಡೆ ತೆರೆಯುತ್ತದೆ, ಎಡಗಡೆ ತೆರೆಯುವುದಿಲ್ಲ. ಆಪರೇಷನ್ ಮಾಡಿದರೂ ದೊಡ್ಡ ಓಟಕ್ಕೆ ಬರುವ ಭರವಸೆ ಕೊಡಲಾರೆ ಎಂದರು.

ವಾಪಸು ಬರುವಾಗ ಕಾರಿನಲ್ಲಿ ಅಪ್ಪ ನನ್ನ ಕಡೆ ತಿರುಗಿ ಒಂದು ಮಾತು, ಒಂದೇ ಒಂದು ಮಾತು ಹೇಳುತ್ತಾನೆ ಎಂದು ಕಾದೆ. ಗೇಟಿನ ಹತ್ತಿರ ಬಂದಾಗ ಹೇಳಿದ. 'ನಿಮ್ ಭಾವ ಬೇಕಂತ್ಲೇ ಕೆಟ್ಟ ಕುದುರೆ ತಲೆಗೆ ಕಟ್ಟಿದಾನೆ.'

ನಿಮ್ಮ ಮನೆಯಲ್ಲಿ ಏನು ಹೇಳಿದರೆಂದು ನೀನೇ ಬರೆದಿದ್ದೀಯ. ಸಿಡುಕಿಯ ಕಡೆಯವರಿಗೆ ಮೊದಲಿನಿಂದಲೂ ಉಸಿರಿಲ್ಲ, ದೊರೆಯ ಮೇಲೆ ಯಾಕೆ ಹಾಕುತ್ತೀರಿ ಎಂದು. ಹೀಗೆ ಯಾವ ಜಗಳ ಮುಗಿಯಲಿ ಎಂದು ಈ ಮರಿಯನ್ನು ಹುಟ್ಟಿಸಿದರೋ, ಆ ಜಗಳ ಈಗ ಅವಳ ಗಂಟಲಲ್ಲೇ ಕೂತಿದೆ. ಅಮ್ಮ ಇದ್ದಿದ್ದರೆ ಇಬ್ಬರನ್ನೂ ಲಾಯದಲ್ಲಿ ಕೂಡಿಹಾಕಿ ಬೀಗ ಹಾಕುತ್ತಿದ್ದಳು.

ಭಾವನ ಬಗ್ಗೆ ನಾನು ಇಲ್ಲಿ ಏನೂ ಬರೆಯುವುದಿಲ್ಲ. ಬೈಯಲೂ ಇಲ್ಲ, ಹೊಗಳಲೂ ಇಲ್ಲ. ಯಾಕೆ ಎಂದು ಕೇಳಬೇಡ.

ನಿನ್ನ ಒಂದು ಸಾಲಿಗೆ ಉತ್ತರ ಕೊಡುತ್ತೇನೆ. ನಾನು ಬರೆದರೆ ಹೀಗೆ ಬರೆಯುತ್ತೇನೆ: ದೋಷ ಎರಡೂ ಕಡೆಯಿಂದ ಬಂದಿರುವ ಸಂಭವವೇ ಹೆಚ್ಚು, ಏಕೆಂದರೆ ಎರಡೂ ಕಡೆ ಇರುವುದು ಬಿಳಿಗಾಲ. ಸಿಡುಕಿಯೂ ಕೆಟ್ಟವಳಲ್ಲ, ದೊರೆಯೂ ಕೆಟ್ಟವನಲ್ಲ. ಬೇರೆ ಬೇರೆ ಕಡೆ ಹೋಗಿದ್ದರೆ ಇಬ್ಬರಿಗೂ ಒಳ್ಳೆಯ ಮಕ್ಕಳಾಗುತ್ತಿದ್ದವು. ಈ ಕಾಗದ ಅಪ್ಪನಿಗೂ ಬೇಡ, ನಿನಗೂ ಬೇಡ ಎಂದು ನನಗೆ ಗೊತ್ತು. ಅಪ್ಪನಿಗೆ ಇದನ್ನೇ ಹೇಳಿದೆ. 'ನೀನು ಯಾರ ಮಗಳು' ಎಂದು ಕೇಳಿದ. ಇಬ್ಬರ ಮಗಳು ಎಂದೆ. ಎದ್ದು ಹೋದ. ಮಾರನೆಯ ಬೆಳಿಗ್ಗೆ ನನ್ನ ತಟ್ಟೆಯ ಪಕ್ಕ ಸುಲಿದ ಕಿತ್ತಳೆ ಇಟ್ಟು ಲಾಯಕ್ಕೆ ಹೋದ. ಅಪ್ಪನಿಂದ ಇದಕ್ಕಿಂತ ಹೆಚ್ಚು ಸಿಗುವುದಿಲ್ಲ, ಇಷ್ಟೇ ಸಾಕು ಎಂದುಕೊಳ್ಳಲು ನನಗಿನ್ನೂ ಬಂದಿಲ್ಲ.

ಚೂಟಿ ಮನೆಗೆ ಬಂದಿದ್ದಾಳೆ. ಓಡದಿದ್ದರೆ ಏನಂತೆ, ಮರಿ ಹಾಕಲು ಇಟ್ಟುಕೊಳ್ಳೋಣ ಎಂದು ಅಪ್ಪ ರಾಗ ತೆಗೆದ. ಈ ಸಲ ನಾನು ಕಾಗದ ತೋರಿಸಲಿಲ್ಲ, ಲಾಯದ ಬಾಗಿಲಿಗೆ ಅಡ್ಡ ನಿಂತು ಆಗಲ್ಲ ಎಂದೆ. ಮೆಲ್ಲಗೆ ಹೋಗುವಾಗ ಅವಳಿಗೆ ಯಾವ ತೊಂದರೆಯೂ ಇಲ್ಲ. ಸವಾರಿ ಕಲಿಸುವ ಶಾಲೆಯ ಹೆಂಗಸೊಬ್ಬರು ಬಂದು ನೋಡಿದ್ದಾರೆ. ಅವರ ಕೋಟಿನ ಗುಂಡಿಯೊಂದನ್ನು ಕಿತ್ತು ತಿಂದಳು. ಆದರೂ ಬೇಕೆಂದಿದ್ದಾರೆ. ಬರುವ ವಾರ ಕರೆದುಕೊಂಡು ಹೋಗುತ್ತಾರೆ. ನನಗೆ ಅವಳನ್ನು ಕಳಿಸಲು ಇಷ್ಟವಿಲ್ಲ, ಇಲ್ಲಿಟ್ಟುಕೊಂಡು ದಿನಾ ಆ ಗಂಟಲ ಬಗ್ಗೆ ಮಾತು ಕೇಳಿಸಿಕೊಳ್ಳಲೂ ಇಷ್ಟವಿಲ್ಲ.

ಸಿಟ್ಟು ಇಳಿದ ಮೇಲೆ ಬರೆ. ಇಳಿಯದಿದ್ದರೂ ಬರೆ.

ನಿನ್ನ ಸೊಸೆಯೂ ಅಲ್ಲದ, ಅತ್ತೆಯೂ ಅಲ್ಲದ, ಆದರೂ ನಿನ್ನೊಡನೆ ಜಗಳ ಬಿಡದ,
ತಂಗಿ

ತಾ.ಕ.: ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿದೆ. ಇಷ್ಟೆಲ್ಲ ಬೈದು ಇದನ್ನು ಮುಚ್ಚಿಟ್ಟರೆ ನಾನೂ ಅಪ್ಪನ ಹಾಗೇ ಆದೆ. ಹೋದ ವಾರ ಭಾವ ಕಾರಿನ ಟೈರು ಬದಲಾಯಿಸಲು ಹೋಗುತ್ತೇನೆ ಎಂದು ನಿನಗೆ ಹೇಳಿ ಹೊರಟಿದ್ದರಲ್ಲ, ಬಂದದ್ದು ಇಲ್ಲಿಗೆ, ಅಪ್ಪ ಇಲ್ಲದ ಹೊತ್ತು ನೋಡಿಕೊಂಡು. ದೊರೆಯ ಹತ್ತಿರ ಬರಬೇಕಿದ್ದ ಹೆಣ್ಣುಕುದುರೆಗಳ ಹೆಸರನ್ನು ಒಂದೊಂದಾಗಿ ಹೇಳಿ, ಯಾವುದರಲ್ಲಿ ಬಿಳಿಗಾಲ ಇದ್ದಾನೆ ನೋಡು ಎಂದರು. ಸಂಜೆಯವರೆಗೆ ಕೂತೆವು. ಹಿಂದೆ ಸರಿದರು ಎಂದು ನೀನು ಬರೆದಿರುವವರಲ್ಲಿ ಹೆಚ್ಚಿನವರು ಅಪ್ಪನ ಮಾತು ಕೇಳಿ ಸರಿದವರಲ್ಲ. ಭಾವನೇ ಫೋನು ಮಾಡಿ, ನಿಮ್ಮದನ್ನು ಕಳಿಸಬೇಡಿ, ಹೊಂದುವುದಿಲ್ಲ ಎಂದಿದ್ದಾರೆ. ನಿನಗೆ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡರು. 'ನನ್ ಪರವಾಗಿ ಅಪ್ಪನ ಹತ್ರಾನೇ ಜಗಳ ಆಡಿದಾಳೆ ಅವಳು. ಈಗ ಹೋಗಿ ಏನಂತ ಹೇಳ್ಲಿ' ಅಂದರು. ಆದ್ದರಿಂದ ಅಕ್ಕ, ಆ ಮನೆಯಲ್ಲಿ ಈಗ ದೊರೆಯ ಪರ ವಾದಿಸುತ್ತಿರುವವಳು ನೀನೊಬ್ಬಳೇ.