ಸ್ವೀಡನ್ ದೋಣಿಯ ಬಿಸಿ ಎಂಜಿನ್

ಮಂಗಳೂರು

ದೊಡ್ಡಪ್ಪ,

ನಮ್ಮನ್ನು ಲಕ್ಷದ್ವೀಪಕ್ಕೆ ಕರೆದೊಯ್ಯಲು ಕಾಲೇಜಿನ ಶೆಟ್ಟಿ ಸರ್ ಸ್ವೀಡನ್ನಿನ ಹಳೇ ಹಾಯಿದೋಣಿಯೊಂದನ್ನು ಕೊಳ್ಳುವವರಿದ್ದರು. ನೋಡಲು ನಾನೂ ಹೋಗಿದ್ದೆ. ಒಳಗೆಲ್ಲ ತೇಗದ ಮರ, ಪುಟ್ಟ ಅಡುಗೆಮನೆ, ಸೂಪರ್! ಸ್ಟಾರ್ಟ್ ಮಾಡುವ ಮೊದಲೇ ಎಂಜಿನ್ ಮುಟ್ಟಿದೆ, ಬಿಸಿಯಾಗಿತ್ತು! ಕುಂಟೆತ್ತನ್ನು ಗಿರಾಕಿ ಬರುವ ಮುಂಚೆ ನಡೆಸಿ ಕಾಲು ಸಡಿಲ ಮಾಡಿರುತ್ತಾರೆ ಎಂದು ನೀವು ಸಂತೆಯಲ್ಲಿ ಹೇಳಿದ್ದು ನೆನಪಾಯಿತು. ಹೆದರುತ್ತಲೇ, "ಸರ್, ನಾಳೆ ಮಾರೋರಿಗೆ ಹೇಳ್ದೆ ಬರೋಣ" ಎಂದೆ.

ಮರುದಿನ ತಣ್ಣಗಿದ್ದ ಎಂಜಿನ್ ಸ್ಟಾರ್ಟೇ ಆಗಲಿಲ್ಲ.

"ನಡು ಸಮುದ್ರದಲ್ಲಿ ಹೀಗಾಗಿದ್ರೆ? ಯಾರು ಹೇಳಿಕೊಟ್ಟದ್ದು ಮಾರಾಯ್ತಿ?" ಎಂದರು ಸರ್.

"ನಮ್ ದೊಡ್ಡಪ್ಪ ಸರ್, ಎತ್ತಿನ್ ವ್ಯಾಪಾರ ಮಾಡ್ತಾರೆ."

ಥ್ಯಾಂಕ್ಸ್ ದೊಡ್ಡಪ್ಪ. ನನ್ನ ಕೆಮ್ಮು ವಾಸಿಯಾಗಿದೆ. ಮುಂದಿನ ತಿಂಗಳು ಇನ್ನೊಂದು ದೋಣಿ ನೋಡಬೇಕಂತೆ, ನಿಮ್ಮನ್ನೇ ಕರೆಸು ಅನ್ನುತ್ತಿದ್ದಾರೆ. ಬನ್ನಿ, ಪ್ಲೀಸ್.

ಕೀರ್ತನ