ಕ್ಯಾಪ್ಟನ್ ಸಾಹೇಬರ ಅನುವಾದ

ಯಲಬುರ್ಗಾ
೯ ಆಗಸ್ಟ್ ೨೦೨೫, ಶನಿವಾರ

ಆಸೀಫ ಅವರಿಗೆ,

ಖುರ್ಷಿದಾಳ ಸಲಾಂ. ನಾನು ಕ್ಷೇಮ. ನೀವು ಕ್ಷೇಮವಾಗಿಲ್ಲ ಎಂಬುದು ನಿಮ್ಮ ಪತ್ರದಿಂದ ತಿಳಿಯಿತು. ಅದನ್ನು ಎರಡು ಸಲ ಓದಿದೆ. ಮೊದಲ ಸಲ ವಿಷಯ ತಿಳಿಯಲೆಂದು, ಎರಡನೆಯ ಸಲ ಸುಖಕ್ಕೆ.

ಎಂಟು ವರ್ಷದಲ್ಲಿ ನೀವು ಬರೆದ ಮೊದಲ ಪತ್ರ ಇದು. ಅದರಲ್ಲೂ ಕೇಳಿರುವುದು ಒಂದು ಉಪಕಾರ. ಮುಂದಿನ ತಿಂಗಳು ನಿಮ್ಮ ಮೇಲೆ ನಡೆಯುವ ವಿಚಾರಣೆಗೆ ಮುಂಚೆ ನಾನು ಎರಡು ಸಾಲು ಬರೆದುಕೊಡಬೇಕು: ವಿಮಾನ ಕೆಳಗಿಳಿಸಿ ಎಂದು ಅಂದು ನಾನೇ ಕೇಳಿದ್ದಿರಬಹುದು, ಈಗ ಸರಿಯಾಗಿ ನೆನಪಿಲ್ಲ. 'ಎಂಟು ವರ್ಷದ ಹಿಂದಿನ ಮಾತು, ಯಾರೂ ಅನುಮಾನ ಪಡುವುದಿಲ್ಲ' ಎಂದು ಧೈರ್ಯವನ್ನೂ ಹೇಳಿದ್ದೀರಿ. ನನಗೆ ಎಷ್ಟು ನೆನಪಿದೆ ಎಂದು ನಿಮಗೆ ಗೊತ್ತಾಗಲಿ, ಅದಕ್ಕೇ ಮೊದಲಿನಿಂದ ಬರೆಯುತ್ತೇನೆ.

೨೦೧೭ರ ಫೆಬ್ರವರಿ. ಬೆಳಗಿನ ಒಂಬತ್ತು ದಾಟಿತ್ತು. ಗಂಡ ಹೆಂಡತಿಯನ್ನು ಒಂದೇ ವಿಮಾನಕ್ಕೆ ಹಾಕುವ ರೂಢಿ ಸಮುದ್ರ ಕಾಯುವ ನಮ್ಮ ವಿಮಾನ ತುಕಡಿಯಲ್ಲಿ ಇರಲಿಲ್ಲ. ಅಂದು ಒಬ್ಬರಿಗೆ ಜ್ವರ ಬಂದು ಅವರ ಜಾಗಕ್ಕೆ ನಾನು ಬಂದೆ. ನೀವು ಮುಂದೆ, ಕ್ಯಾಪ್ಟನ್. ನಾನು ಹಿಂದೆ, ಪರದೆಯ ಎದುರು. ವಿಮಾನದ ಹೊಟ್ಟೆಯಡಿ ಬೆಳಕಿನ ಬದಲು ಬಿಸಿ ತಂಪು ನೋಡುವ ಕ್ಯಾಮೆರಾ ಇರುತ್ತದಲ್ಲ, ಅದನ್ನು ನಡೆಸುವುದು ನನ್ನ ಕೆಲಸ. ಹಡಗಿನ ಹೊಗೆ ಕೊಳವೆ, ದೋಣಿಯ ಎಂಜಿನ್, ಡೆಕ್ಕಿನ ಮೇಲೆ ಬೀಡಿ ಸೇದುವ ಮನುಷ್ಯ, ಬಿಸಿ ಇದ್ದದ್ದೆಲ್ಲ ಅದರಲ್ಲಿ ಬೆಳ್ಳಗೆ ಕಾಣುತ್ತದೆ. ಅಂದು ಕಂಡದ್ದು ಕಪ್ಪಗಿತ್ತು. ಸಮುದ್ರಕ್ಕಿಂತ ತಣ್ಣಗಿತ್ತು. ರೆಕ್ಕೆ ಇಲ್ಲ, ಬಾಲ ಇಲ್ಲ, ಎಂಜಿನ್ನಿನ ಬಿಸಿ ಎಳ್ಳಷ್ಟೂ ಇಲ್ಲ. ನೀರನ್ನು ಸವರಿಕೊಂಡು, ಗಾಳಿಗೆ ಎದುರಾಗಿ, ಯಾವ ದೋಣಿಯೂ ಹೋಗಲಾರದ ವೇಗದಲ್ಲಿ ಹೋಗುತ್ತಿದೆ ಅನ್ನಿಸಿತು.

ನಾನು ನಿಯಮದಂತೆ ಇಂಗ್ಲಿಷಿನಲ್ಲಿ ದಿಕ್ಕು, ಕೋನ, ವೇಗ ಹೇಳಿದೆ. ನೀವು ಎಡಗಡೆಯ ಗಾಜಿನಿಂದ ಹೊರಗೆ ನೋಡಿದಿರಿ, ನಿಯಮ ಮರೆತಿರಿ. ಮನೆಯ ಉರ್ದುವಿನಲ್ಲಿ ಕೂಗಿದ್ದರೆ ಆಮೇಲೆ ವಿಚಾರಣೆಗೆ ಕೂತ, ಉತ್ತರದ ಕಡೆಯ ಮೂವರು ಅಧಿಕಾರಿಗಳಿಗೂ ತಿಳಿದುಬಿಡುತ್ತಿತ್ತು. ಆದರೆ ಬಹಳ ಖುಷಿಯಾದಾಗ ನಿಮ್ಮ ಬಾಯಿಗೆ ಬರುತ್ತಿದ್ದದ್ದು ಗಂಗಾವತಿಯ ಕನ್ನಡ.

"ಅಲ್ಲೈತಿ ನೋಡ, ಅಲ್ಲೇ ಐತಿ! ಬೆಳ್ಳಗ, ತತ್ತಿ ಇದ್ದಂಗ. ನನಗ ಛಲೋ ಕಾಣಾಕತ್ತೈತಿ. ನೀ ಕಣ್ಣ ತಗೀಬ್ಯಾಡ, ನಾ ಕೆಳಗ ಇಳಸ್ತೀನಿ."

ಇಳಿಸಿದಿರಿ. ಅಪ್ಪಣೆ ಕೇಳಲಿಲ್ಲ. ಇಳಿಯುತ್ತಿದ್ದ ಹಾಗೆ ನನ್ನ ಪರದೆಯಿಂದ ಅದು ಕಳೆದುಹೋಯಿತು. ಕಳೆದುಹೋಯಿತು ಎಂದು ಹೇಳಿದೆ. ನೀವು ಆದರೂ ಇಳಿಸಿದಿರಿ, ಒಂದು ಮೀನುಗಾರರ ದೋಣಿಯ ಮೇಲೆ ಎಷ್ಟು ಕೆಳಗೆ ಹಾದೆವೆಂದರೆ, ಅದರಲ್ಲಿದ್ದವರು ಬಲೆಯ ಮೇಲೆ ಬೋರಲು ಬಿದ್ದದ್ದನ್ನು ನಾನು ಕಂಡೆ.

ನೆಲಕ್ಕೆ ಬಂದ ಮೇಲೆ ವಿಮಾನದ ನೆರಳಿನಲ್ಲಿ ನಿಂತು ಅಂದಿರಿ: "ಇದನ್ನ ಬರೀಬ್ಯಾಡ. ಬರದ್ರ, ಅಷ್ಟ್ ಕೆಳಗ ಯಾಕ ಇಳಿಸಿದಿ ಅಂತ ನನ್ನ ಕೇಳ್ತಾರ." ನಾನು ಬರೆದೆ. ಕಂಡದ್ದನ್ನು ಬರೆಯುವುದಕ್ಕೇ ನನ್ನನ್ನು ಅಲ್ಲಿ ಕೂಡಿಸಿದ್ದರು.

ಮೂರನೆಯ ದಿನ ಮೀನುಗಾರರ ದೂರು ಬಂತು, ವಿಚಾರಣೆ ಶುರುವಾಯಿತು. ಕೂತವರು ಆ ಮೂವರು ಅಧಿಕಾರಿಗಳು. ನಾನು ಕಂಡದ್ದನ್ನು ಹೇಳಿದೆ, ನೀವೂ ಕಂಡಿರೆಂದು ಹೇಳಿದೆ. ನಿಮ್ಮ ಪಕ್ಕದ ಪೈಲಟ್, 'ನಾನು ಬಲಗಡೆ ಇದ್ದೆ, ನನಗೆ ಆ ಭಾಷೆ ಬರುವುದಿಲ್ಲ' ಎಂದು ತಪ್ಪಿಸಿಕೊಂಡ. ಆಮೇಲೆ ನಿಮ್ಮನ್ನು ಕರೆದರು.

ಆ ಚಳಿಗಾಲದ ಆರಂಭದಲ್ಲಿ ನಾಲ್ಕು ತಿಂಗಳ ಕೂಸು ನನ್ನ ಹೊಟ್ಟೆಯಿಂದ ಹೋಗಿತ್ತು. ಡಾಕ್ಟರು ಪರೀಕ್ಷಿಸಿ, ಹಾರಾಟಕ್ಕೆ ಯೋಗ್ಯಳು ಎಂದು ಬರೆದುಕೊಟ್ಟ ಮೇಲೆಯೇ ನಾನು ಕೆಲಸಕ್ಕೆ ಮರಳಿದ್ದೆ. ಆದರೆ ಆ ಕೂಸಿಗೆ ನಾನೊಂದು ಹೆಸರಿಟ್ಟಿದ್ದೆ. ಒಗೆದ ಬಟ್ಟೆ ಮಡಚುವಾಗ ಒಮ್ಮೊಮ್ಮೆ ಆ ಹೆಸರು ಹಿಡಿದು ಎರಡು ಮಾತು ಆಡುತ್ತಿದ್ದೆ. ಭೂಮಿಯ ಮೇಲೆ ಇದು ಗೊತ್ತಿದ್ದದ್ದು ನಿಮಗೊಬ್ಬರಿಗೆ. ನೀವು ಕೇಳಿ, ನನ್ನ ತಲೆ ಸವರಿ, ಅತ್ತಿದ್ದಿರಿ ಕೂಡ.

ಅದೇ ಹೆಸರನ್ನು ತೆಗೆದುಕೊಂಡು ಹೋಗಿ ಮೂವರು ಅಪರಿಚಿತರ ಮೇಜಿನ ಮೇಲೆ ಇಟ್ಟಿರಿ. ಇಲ್ಲದ ಮಗುವಿನ ಜೊತೆ ಮಾತಾಡುವವಳು ಇಲ್ಲದ ವಸ್ತುವನ್ನು ಕಂಡಳು, ಅವಳ ಕಿರುಚಾಟಕ್ಕೆ ಗಾಬರಿಯಾಗಿ ನಾನು ವಿಮಾನ ಇಳಿಸಿದೆ ಎಂದಿರಿ. ನನ್ನನ್ನು ಮೂರು ವಾರ ಆಸ್ಪತ್ರೆಯಲ್ಲಿ ಇಟ್ಟು ನೋಡಿದರು. ಹಾರಾಟದಿಂದ ತೆಗೆದರು. ಕರಾರಿನ ಅವಧಿ ಮುಗಿದಾಗ ಯಾರೂ ಮುಂದುವರಿಸಲಿಲ್ಲ. ನಿಮಗೆ ಬಡ್ತಿ ಬಂತು. ನಾನು ಟ್ರಂಕು ಹಿಡಿದು ಯಲಬುರ್ಗಾದ ಬಸ್ಸು ಹತ್ತಿದೆ.

ಅಬ್ಬಾ ಏನೂ ಕೇಳಲಿಲ್ಲ. ತಮ್ಮ ರೇಡಿಯೊ ರಿಪೇರಿ ಅಂಗಡಿಯಲ್ಲಿ ನನಗೊಂದು ಸ್ಟೂಲು ಹಾಕಿದರು, ಅಷ್ಟೆ. ಊರವರೇ ಕೇಳಿದರು. 'ವಿಮಾನದಾಗ ತಲಿ ಕೆಟ್ಟಿತ್ತಂತ' ಎಂಬ ಮಾತು ನನಗಿಂತ ಮೊದಲೇ ಊರಿಗೆ ಬಂದಿತ್ತು. ಅಬ್ಬಾ ತೀರಿಕೊಂಡಾಗ ಮಣ್ಣಿಗೆ ಬಂದವರೂ ನನ್ನ ಕಣ್ಣನ್ನು ದಿಟ್ಟಿಸಿ ನೋಡಿ ಹೋದರು. ಕಾಲೇಜಿನಲ್ಲಿ ಗಣಿತ ಕಲಿಸುವ ಕೆಲಸ ಸಿಗುವುದಕ್ಕೆ ಎರಡು ವರ್ಷ ಹಿಡಿಯಿತು.

ಇಷ್ಟಾದರೂ ನಾನು ಸುಮ್ಮನೇ ಇರುತ್ತಿದ್ದೆನೇನೋ. ನೀವು ಇರಗೊಡಲಿಲ್ಲ.

ನಿವೃತ್ತಿಯಾದ ಮೇಲೆ ನೀವು ಟಿವಿಯಲ್ಲಿ ಕಾಣಿಸತೊಡಗಿದಿರಿ. ಅಮೆರಿಕದ ಯುದ್ಧ ವಿಮಾನಗಳ ಕ್ಯಾಮೆರಾದಲ್ಲಿ ಗುರುತಿಲ್ಲದ ವಸ್ತುಗಳು ಸಿಕ್ಕಿವೆ ಎಂಬ ಸುದ್ದಿ ಎಲ್ಲೆಡೆ ಆಗಿತ್ತು. ನಮ್ಮಲ್ಲೂ ಕಂಡವರೊಬ್ಬರು ಬೇಕಾಗಿತ್ತು, ನೀವು ಸಿಕ್ಕಿರಿ. ಈ ಜನವರಿಯಲ್ಲಿ ಗಂಗಾವತಿಯ ಒಂದು ಕಾಲೇಜಿನಲ್ಲಿ ನಿಮ್ಮ ಭಾಷಣವಿತ್ತು. ನಮ್ಮ ಕಾಲೇಜಿನ ಸುಮಂಗಲಾ ಮೇಡಂ, ಅವರಿಗೆ ನಮ್ಮ ಸಂಬಂಧ ಗೊತ್ತಿಲ್ಲ, ಬಲವಂತ ಮಾಡಿ ಕರೆದುಕೊಂಡು ಹೋದರು. ಕೊನೆಯ ಸಾಲಿನಲ್ಲಿ ಕೂತಿದ್ದೆ. ಶಾಲು, ಹಾರ, ಚಪ್ಪಾಳೆ. ಹಳೆಯ ದೃಶ್ಯಗಳನ್ನು ಮತ್ತೆ ಪರಿಶೀಲಿಸುವ ಸಮಿತಿಗೆ ನಿಮ್ಮನ್ನು ಸಲಹೆಗಾರರನ್ನಾಗಿ ಕರೆದಿದ್ದಾರೆಂದೂ ಹೇಳಿದರು. ಒಬ್ಬ ವಿದ್ಯಾರ್ಥಿನಿ ಎದ್ದು, ಕ್ಯಾಮೆರಾ ನಡೆಸಿದವರು ಯಾರು ಎಂದು ಕೇಳಿದಳು. ನೀವು ನಕ್ಕಿರಿ.

"ಇದ್ರು ಒಬ್ರು. ಆದ್ರ ಅವ್ರಿಗೆ ಅದನ್ನ ಬರಿಯೋ ಧೈರ್ಯ ಬರಲಿಲ್ರಿ. ನಾನೊಬ್ಬನ ನಿಂತು ಹೋರಾಡಿದ್ನಿ."

ಸುಮಂಗಲಾ ಮೇಡಂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಆಸೀಫ. ನನ್ನ ಅಂಗೈ ಕೆಂಪಗಾಗುವಷ್ಟು ತಟ್ಟಿದೆ. ಮನೆಗೆ ಬಂದು ಆ ಸಮಿತಿಗೆ ಅರ್ಜಿ ಬರೆದೆ.

ಏಪ್ರಿಲಿನಲ್ಲಿ ಹಳೆಯ ಕಾಗದಗಳ ಪ್ರತಿ ಬಂತು. ಅಂದಿನ ವಿಮಾನದೊಳಗಿನ ಮಾತುಕತೆಯ ಬರಹ ಅದರಲ್ಲಿತ್ತು. ನಾನು ಆಸ್ಪತ್ರೆಯಲ್ಲಿದ್ದಾಗ ತಯಾರಾದದ್ದು. ನಿಮ್ಮ ಮಾತಿನ ಜಾಗದಲ್ಲಿ ಹೀಗಿತ್ತು: 'ಪ್ರಾದೇಶಿಕ ಭಾಷೆ. ಅರ್ಥ: ಅಲ್ಲೇನೂ ಇಲ್ಲ, ಹೆದರಬೇಡ, ಸುಮ್ಮನೆ ಕೂತುಕೋ.' ಕೆಳಗೆ ಅನುವಾದಕರ ಸಹಿ. ನಿಮ್ಮದೇ ಸಹಿ.

ಎಂಟು ವರ್ಷ, ನನ್ನ ಮಾತು ಒಂದು, ನಿಮ್ಮ ಮಾತು ಒಂದು, ಅವರು ನಿಮ್ಮದನ್ನು ನಂಬಿದರು ಎಂದುಕೊಂಡಿದ್ದೆ. ಹಾಗಲ್ಲ. ಸಾಕ್ಷಿ ಟೇಪಿನಲ್ಲೇ ಇತ್ತು. ಅದು ನನ್ನ ಪರವಾಗಿ ಕೂಗುತ್ತಿತ್ತು. ನೀವು ಅದರ ಬಾಯಿಗೆ ನಿಮ್ಮ ಕೈ ಇಟ್ಟಿರಿ.

ಟೇಪನ್ನು ಮತ್ತೆ ಕೇಳಬೇಕು, ಕನ್ನಡ ಬಲ್ಲ ಹೊರಗಿನವರಿಂದ ಅನುವಾದ ಮಾಡಿಸಬೇಕು ಎಂದು ಕೇಳಿಕೊಂಡೆ. ಜೂನಿನಲ್ಲಿ ದೆಹಲಿಗೆ ಕರೆದರು. ಸಲಹೆಗಾರರಾಗಿ ನೀವು ಆ ಮೇಜಿನ ಇನ್ನೊಂದು ಬದಿಗೆ ಕೂತಿದ್ದಿರಿ. ನನ್ನನ್ನು ನೋಡಿ ಕುರ್ಚಿ ಸರಿಮಾಡಿಕೊಂಡಿರಿ. ಅನುವಾದಕ್ಕೆ ಬಂದ ಹುಡುಗಿ ಸಹನಾ, ಅಲ್ಲಿ ಕನ್ನಡ ಕಲಿಸುವವಳು, ತವರು ನಮ್ಮ ಕಡೆಯ ಕುಷ್ಟಗಿ. ನನ್ನ ಅದೃಷ್ಟ ಅನ್ನಿ, ನಿಮ್ಮ ದುರದೃಷ್ಟ ಅನ್ನಿ.

ಟೇಪು ಹಾಕಿದರು. 'ಅಲ್ಲೈತಿ ನೋಡ' ಎಂದು ನಿಮ್ಮ ದನಿ ಬಂದಾಗ ಸಹನಾಳ ಮುಖ ಅರಳಿತು, ಊರ ಮಾತು ಕೇಳಿ. ಆಮೇಲೆ ಒಂದೊಂದೇ ಪದ ಬಿಡಿಸಿ ಹೇಳಿದಳು. ಅಧ್ಯಕ್ಷರು 'ತತ್ತಿ' ಅಂದರೇನು ಎಂದು ಕೇಳಿದರು. "ಮೊಟ್ಟೆ ಸರ್. ಅವರಿಗೆ ಮೊಟ್ಟೆಯ ಆಕಾರದ ಬಿಳಿ ವಸ್ತು ಚೆನ್ನಾಗಿ ಕಾಣಿಸುತ್ತಿದೆ. ತಾವೇ ಕೆಳಗೆ ಇಳಿಸುತ್ತೇನೆ ಅನ್ನುತ್ತಿದ್ದಾರೆ." ಅಧ್ಯಕ್ಷರು ಹಳೆಯ ಹಾಳೆಯನ್ನು ನಿಮ್ಮ ಕಡೆಗೆ ತಿರುಗಿಸಿದರು. ನೀವು ನೀರಿನ ಲೋಟಕ್ಕೆ ಕೈ ಚಾಚಿ, ಅದು ನನ್ನ ದನಿ ಅಲ್ಲ ಎಂದಿರಿ. ಟೇಪು ಇನ್ನೂ ಓಡುತ್ತಿತ್ತು. "ಖುರ್ಷೀ, ಮತ್ತ ಸಿಕ್ತೇನ? ಖುರ್ಷೀ?"

ನನ್ನನ್ನು ಹಾಗೆ ಕರೆಯುತ್ತಿದ್ದವರು ಲೋಕದಲ್ಲಿ ಒಬ್ಬರೇ. ಖುರ್ಷೀ ಯಾರು ಎಂದು ಅಧ್ಯಕ್ಷರು ನನ್ನನ್ನು ಕೇಳಿದರು. ನಾನು ಹೇಳಿದೆ. ನಿಮ್ಮ ಕಿವಿ ಕಪ್ಪಗಾಗುವುದನ್ನು ಪೂರ್ತಿ ನೋಡಿದೆ, ಕಣ್ಣು ತೆಗೆಯಲಿಲ್ಲ. ನನ್ನ ಜೀವನದಲ್ಲಿ ಯಾವ ದೃಶ್ಯವನ್ನೂ ಅಷ್ಟು ಗಮನವಿಟ್ಟು ನೋಡಿಲ್ಲ.

ಆ ದಿನವೇ ನಿಮ್ಮ ಮೇಲೆ ಹೊಸ ವಿಚಾರಣೆಗೆ ಆದೇಶವಾಯಿತು. ಕಳೆದ ಮಂಗಳವಾರ ನಿಮ್ಮ ಅಮ್ಮಿ ಬಂದಿದ್ದರು. ಎಪ್ಪತ್ತೆರಡರ ತಾಜಬೀ, ಮೊಣಕಾಲು ನೋವು ಇಟ್ಟುಕೊಂಡು, ಗಂಗಾವತಿಯಿಂದ ಎರಡು ಬಸ್ಸು ಬದಲಿಸಿ. ನೀವು ಕಳಿಸಿದಿರೋ ತಾವೇ ಬಂದರೋ, ಕೇಳಲಿಲ್ಲ. ಕೂತವರೇ ನನ್ನ ಕೈ ಹಿಡಿದರು.

"ಬೇಟಿ, ಅಂವಾ ತಪ್ಪ ಮಾಡ್ಯಾನ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಈ ವಯಸ್ಸಿನ್ಯಾಗ ನನ್ನ ಮಗಗ ಸುಳ್ಳಬುರುಕ ಅಂತ ಜನ ಅನ್ನೋದು ಕೇಳಾಕ ಆಗವಲ್ದು. ಎರಡ ಸಾಲ ಬರದ ಕೊಡು."

"ಅಮ್ಮಿ, ಅವ್ರು ನನ್ನ ಹುಚ್ಚಿ ಮಾಡಾಕ ಏನ್ ಹೇಳಿದ್ರು ಗೊತ್ತೈತೇನ್ರಿ ನಿಮಗ?"

ಗೊತ್ತಿರಲಿಲ್ಲ. ಹೇಳಿದೆ. ಕೂಸಿನ ಹೆಸರನ್ನೂ ಹೇಳಿದೆ, ಅದು ಅವರ ತೀರಿಹೋದ ಮಗಳ ಹೆಸರು. ಅಮ್ಮಿ ನನ್ನ ಕೈ ಬಿಟ್ಟರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಆ ಹೆಸರ ಹೇಳ್ಯಾನೇನ ಅಂವಾ, ಕಚೇರ್ಯಾಗ?"

"ಹೂಂನ್ರಿ."

ಇಟ್ಟ ಚಹಾ ಕುಡಿಯದೆ ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಅಂದರು: "ಬರೀಬ್ಯಾಡ ಬೇಟಿ. ನಾ ಕೇಳಿದ್ದು ಮರತಬಿಡು. ಅಲ್ಲಿ ಕರದ್ರ ಹೋಗು. ಎಲ್ಲಾ ಹೇಳು." ಬಸ್ ಸ್ಟ್ಯಾಂಡಿನವರೆಗೆ ನಾನೇ ಕೈ ಹಿಡಿದು ನಡೆಸಿಕೊಂಡು ಹೋದೆ. ಅವರ ಬಗ್ಗೆ ನನಗೆ ಸಂಕಟವಾಯಿತು. ನಿಮ್ಮ ಬಗ್ಗೆ ಆಗಲಿ ಎಂದು ಕಾದು ನೋಡಿದೆ, ಆಗಲಿಲ್ಲ.

ಇನ್ನು ನಿಮ್ಮ ಎರಡು ಸಾಲು. ಬರೆದಿದ್ದೇನೆ, ಒಟ್ಟು ಹನ್ನೊಂದು ಪುಟ ಆಯಿತು. ನಿಮಗಲ್ಲ, ವಿಚಾರಣೆಯವರಿಗೆ, ನಿನ್ನೆ ರಿಜಿಸ್ಟರ್ ಅಂಚೆಯಲ್ಲಿ. ಇಳಿಸಿದವರು ಯಾರು, ಬರೆಯಬೇಡ ಎಂದವರು ಯಾರು, ಒಂದು ಭಾಷೆ ಬಲ್ಲವರು ಅದನ್ನು ಬಾರದವರ ಮುಂದೆ ಹೇಗೆ ಬಳಸಿದರು, ಎಲ್ಲ ಇದೆ. ಕೂಸಿನ ಹೆಸರು ಮಾತ್ರ ಇಲ್ಲ. ಅದನ್ನು ಇನ್ನೊಂದು ಸಲ ಮೇಜಿನ ಮೇಲೆ ಇಡಲು ನಾನು ನೀವಲ್ಲ.

ನಿಮ್ಮ ಖುರ್ಷೀ ಆಗಿ ಉಳಿಯದ,
ಖುರ್ಷಿದಾ, ಮಲಿಕಸಾಬರ ಮಗಳು

ತಾ. ಕ.: ನಿಮ್ಮ ಪತ್ರದ ಕೊನೆಗೆ ಒಂದು ಸಮಾಧಾನ ಬರೆದುಕೊಂಡಿದ್ದೀರಿ. ಮಾನ ಹೋದರೂ ಆ ವಸ್ತುವನ್ನು ಕಂಡವರು ನಾವಿಬ್ಬರೇ, ಅದನ್ನು ಯಾರೂ ಕಸಿಯಲಾರರು, ನಿಮ್ಮ ಪುಸ್ತಕ ಅಚ್ಚಿಗೆ ಹೋಗಿದೆ ಎಂದು. ಅದು ಬಲೂನು, ಆಸೀಫ. ಹವಾಮಾನ ಅಳೆಯಲು ಬಿಡುವಂಥ ದೊಡ್ಡ ಬಲೂನು. ಒಮ್ಮೆ ಕೊಪ್ಪಳದ ಬಸ್ಸಿನಲ್ಲಿ ಹೋಗುವಾಗ, ರಸ್ತೆ ಬದಿಯ ಬೇವಿನ ಮರ ದೂರದ ಗುಡ್ಡದ ಮುಂದೆ ಹಿಂದಕ್ಕೆ ಓಡುವುದನ್ನು ಕಂಡೆ. ಓಡುವುದು ಮರವಲ್ಲ, ಬಸ್ಸು. ಕುಕನೂರಿನಲ್ಲೇ ಇಳಿದು, ನಿಲ್ದಾಣದ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದೆ. ಅಂದಿನ ಕೋನ, ಎತ್ತರ, ವೇಗ ನನಗೆ ಬಾಯಿಪಾಠ. ಅದು ನೀರಿನ ಹತ್ತಿರ ಇರಲೇ ಇಲ್ಲ. ನಮಗೂ ಸಮುದ್ರಕ್ಕೂ ನಡುವೆ, ಹನ್ನೆರಡು ಸಾವಿರ ಅಡಿಯ ಚಳಿಯಲ್ಲಿ ತಣ್ಣಗೆ, ಗಾಳಿಯ ಜೊತೆ ಮೆಲ್ಲಗೆ ತೇಲುತ್ತಿತ್ತು. ಓಡುತ್ತಿದ್ದವರು ನಾವು. ನೀವು ಅದನ್ನು ದಾಟಿಸಿ ವಿಮಾನ ಇಳಿಸಿದಿರಿ, ನಾವು ಕೆಳಗೆ ಹುಡುಕುವಾಗ ಅದು ನಮ್ಮ ತಲೆಯ ಮೇಲಿತ್ತು. ಹನ್ನೊಂದು ಪುಟಗಳಲ್ಲಿ ಕೊನೆಯ ನಾಲ್ಕು ಈ ಲೆಕ್ಕವೇ.

ನಾನು ಕುಕನೂರಿನಲ್ಲಿ ಇಳಿದದ್ದು ೨೦೧೯ರಲ್ಲಿ. ನೀವು ಮೊದಲ ಸಲ ಟಿವಿಗೆ ಬಂದಾಗಲೇ ನಾನು ಒಂದು ಕಾಗದ ಹಾಕಿದ್ದರೆ ಸಾಕಾಗಿತ್ತು. ಹಾಕಲಿಲ್ಲ. ನೀವು ಇನ್ನಷ್ಟು ಎತ್ತರಕ್ಕೆ ಹೋಗಲಿ ಎಂದು ಕಾದೆ.