ಕೇಳದೆ ಕಾವು ಇಳಿಸಬೇಡ

ಜೂನ್ ೩
ಬೆಳಗಿನ ಸುತ್ತು ಮುಗಿಯಿತು. ಕಾವುಪೆಟ್ಟಿಗೆಯ ಬಾಗಿಲು ಬಿಗಿ, ನೀರಿನ ತಟ್ಟೆ ಭರ್ತಿ. ಹಿಂಡಿಗೆ ಹಿಂಡೇ ರೋಗಕ್ಕೆ ಹೋಯಿತು. ಮಾವನ ಕಾಲದ ಕೋಳಿ ತಳಿಯಲ್ಲಿ ಉಳಿದದ್ದು ಒಳಗಿರುವ ಈ ಮೊಟ್ಟೆಗಳಷ್ಟೇ. ಇವೂ ಮರಿಯಾಗದಿದ್ದರೆ... ಬರೆಯುವುದಿಲ್ಲ.

ಪೆಟ್ಟಿಗೆ ನಡೆಸುವುದು ಕಂಪ್ಯೂಟರಿನ ಹಳೆಯ ಪ್ರೋಗ್ರಾಮ್. ಏನು ಬದಲಿಸಬೇಕೆಂದರೂ ನಿಲ್ಲಿಸಿ, ಇಡಿಯಾಗಿ ಮತ್ತೆ ಕಂಪೈಲ್ ಮಾಡಬೇಕಿತ್ತು, ಅಂದರೆ ಹೊಸದಾಗಿ ಕಟ್ಟಬೇಕಿತ್ತು. ಸೊಸೆ ಈಗ ಅದರ ಹೊಟ್ಟೆಯೊಳಗೇ ಸಣ್ಣ ಸ್ಕ್ರಿಪ್ಟ್, ಬೇಕೆಂದಾಗ ತಿದ್ದಬಹುದಾದ ಸೂಚನೆಗಳ ಪಟ್ಟಿ, ಓಡುವ ಹಾಗೆ ಮಾಡಿದ್ದಾಳೆ. ಕಾವು ಎಷ್ಟು, ಫ್ಯಾನ್ ಯಾವಾಗ — ಎಲ್ಲ ಆ ಸ್ಕ್ರಿಪ್ಟಿನಲ್ಲಿ. ದೊಡ್ಡ ಪ್ರೋಗ್ರಾಮನ್ನು ಮುಟ್ಟಬೇಕಾಗಿಲ್ಲ.

"ಈ ಮನೇಲಿ ನನ್ನ ಕೇಳ್ದೆ ಯಾರೂ ಕಾವು ಮುಟ್ಟಿಲ್ಲ. ನಿನ್ನ ಸ್ಕ್ರಿಪ್ಟೂ ಕೇಳ್ಲಿ," ಎಂದೆ.

"ಪ್ರತಿ ಸಲಾನಾ ಅತ್ತೆ?"

"ಪ್ರತಿ ಸಲಾನೂ."

ಮಗ ನಕ್ಕ. "ಪಾಪ, ಅದಕ್ಕೂ ಅತ್ತೆ ಸಿಕ್ಕಿದ್ರು."

ಜೂನ್ ೪
ಪರದೆಯ ಮೇಲೆ ಬರುತ್ತದೆ: ಕಾವು ಇಳಿಸಲೇ? ಪಾಸ್‌ವರ್ಡ್ ಹಾಕಿ ಹೂಂ ಒತ್ತುತ್ತೇನೆ. ಇಳಿಸುತ್ತದೆ. ಮರ್ಯಾದೆ ಕಲಿತಿದೆ.

ಜೂನ್ ೯
ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ದವಡೆ ಹಲ್ಲು ಕಿತ್ತರು. ವಾಪಸು ಬಂದರೆ — ಸೊಸೆ ಪೆಟ್ಟಿಗೆಯ ಬಾಗಿಲು ತೆರೆದಿಟ್ಟು ರಟ್ಟಿನಿಂದ ಗಾಳಿ ಬೀಸುತ್ತಿದ್ದಾಳೆ. ಮುಖ ಬಿಳಿಚಿದೆ.

ಬಿಸಿ ಏರಿತ್ತು. ಪ್ರೋಗ್ರಾಮ್ ಸ್ಕ್ರಿಪ್ಟನ್ನು ಕೇಳಿತು, ಸ್ಕ್ರಿಪ್ಟ್ ನನ್ನನ್ನು ಕೇಳಿತು. ನಾನಿಲ್ಲ. ಒಳಗಿನ ಸ್ಕ್ರಿಪ್ಟ್ ಉತ್ತರ ಕೊಡುವ ತನಕ ಹೊರಗಿನ ಪ್ರೋಗ್ರಾಮ್ ಬೇರೇನೂ ಮಾಡುವುದಿಲ್ಲವಂತೆ. ಕಾದು ಕೂತಿದೆ. ಹೀಟರ್ ಉರಿಯುತ್ತಲೇ ಇತ್ತು.

"ನೀನೇ ಹೂಂ ಒತ್ತಬಾರದಿತ್ತಾ?"

"ನಿಮ್ಮ ಪಾಸ್‌ವರ್ಡ್ ಬೇಕಲ್ಲ ಅತ್ತೆ. ನೋಡಿದ ಕೂಡ್ಲೆ ಮೇನ್ ಸ್ವಿಚ್ಚೇ ಆರಿಸ್ದೆ."

ಬೈಯಲು ಬಾಯಿ ತೆರೆದೆ. ತುಂಬ ಹತ್ತಿ.

ಜೂನ್ ೧೦
ಊಟ ಸೇರಲಿಲ್ಲ. ಹಲ್ಲುನೋವು ಎಂದು ಹೇಳಿದೆ.

"ಮೊಟ್ಟೆ ಬೆಳಕಿಗೆ ಹಿಡಿದು, ಮರಿ ಬದುಕಿದ್ಯಾ ನೋಡೋಣ್ವಾ?" ಮಗ ಕೇಳಿದ.

"ನಾಳೆ."

"ನಾಳೇನೂ ಅದೇ ಮೊಟ್ಟೆ ಅಮ್ಮ."

ಸೊಸೆಯನ್ನು ಕರೆದೆ. "ಆ ಪ್ರಶ್ನೆ ತೆಗೆದುಹಾಕು. ಇಳಿಸಿದ ಮೇಲೆ ನಂಗೆ ಹೇಳ್ಲಿ, ಸಾಕು."

"ಸ್ಕ್ರಿಪ್ಟ್ ತಡ ಮಾಡಿದ್ರೆ ಅದನ್ನ ಬಿಟ್ಟು ಪ್ರೋಗ್ರಾಮೇ ಹೀಟರ್ ಆರಿಸೋ ಹಾಗೆ ಮಾಡ್ಲಾ ಅತ್ತೆ?"

"ಮಾಡು. ನನ್ನ ಕೇಳ್ಬೇಡ."

ತಲೆಯಾಡಿಸಿದಳು. ಗೆದ್ದ ಮುಖ ಮಾಡಲಿಲ್ಲ. ಮಾಡಿದ್ದರೆ ವಾಸಿಯಿತ್ತು.

ಜೂನ್ ೧೪, ಸಂಜೆ
ಇವತ್ತು ಕೋಣೆ ಕತ್ತಲೆ ಮಾಡಿಸಿದೆ. ಟಾರ್ಚ್ ನಾನೇ ಹಿಡಿದೆ. ಮೊದಲನೆಯದರಲ್ಲಿ ಕಪ್ಪು ಮುದ್ದೆ, ಅಲುಗಾಟವಿಲ್ಲ. ಮುಂದಿನದೂ ಹಾಗೇ. ಅದರ ಮುಂದಿನದೂ. ಟಾರ್ಚ್ ಸೊಸೆಗೆ ಕೊಟ್ಟು, ನೀರು ಕುಡಿಯುವ ನೆಪದಲ್ಲಿ ಇಲ್ಲಿ ಬಂದು ಕೂತಿದ್ದೇನೆ. ಟ್ರೇ ಅರ್ಧ ಬಾಕಿಯಿದೆ. ಒಳಗಿಂದ ಮೊಟ್ಟೆ ಟ್ರೇಗೆ ಇಡುವ ಸದ್ದಷ್ಟೇ. ಅದೇ ಭಯ. ಒಂದಾದರೂ...

ಕರೆಯುತ್ತಿದ್ದಾಳೆ. "ಅತ್ತೆ, ಬೇಗ ಬನ್ನಿ, ಇದೊಂದು ಅಲುಗಿದ ಹಾಗೆ—"